ಒಂದು ದೀರ್ಘ ತಪ್ಪಿದ ವರ್ಷ

ಅಮ್ಮನ ಮರಣ ಪ್ರಮಾಣಪತ್ರ ಕೈಗೆ ಬಂದಾಗ ನನ್ನ ಕಣ್ಣು ಮೊದಲು ಹೋಗಿದ್ದು ಹೆಸರಿನ ಮೇಲೆ. ಎರಡನೇ ಅಕ್ಷರಕ್ಕೆ ದೀರ್ಘ ಇರಲಿಲ್ಲ. ಒಂದು ದೀರ್ಘ ಬಿಟ್ಟರೆ ನಮ್ಮ ಭಾಷೆಯಲ್ಲಿ ಏನೇನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಾಡು ಕಡು ಆಗುತ್ತದೆ, ಮಾನ ಮನ ಆಗುತ್ತದೆ. ಅಮ್ಮ ಬೇರೆ ಯಾರೋ ಆಗಿದ್ದಳು. ಆ ಬೇರೆ ಯಾರೋ ತೀರಿಕೊಂಡಿದ್ದಕ್ಕೆ ಈ ಖಾತೆಯನ್ನು ಯಾಕೆ ಮುಚ್ಚಬೇಕು ಅಂತ ಬ್ಯಾಂಕಿನವರು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಪತ್ರ ಕೊಟ್ಟ ಕಚೇರಿಯವರು, ಆಸ್ಪತ್ರೆಯಿಂದಲೇ ಹಾಗೆ ಬಂದಿದೆ ಅಂದರು. ಆಸ್ಪತ್ರೆಯವರು, ನಾವು ಸರಿಯಾಗೇ ಬರೆದುಕೊಟ್ಟಿದ್ದೆವು ಅಂದರು. ಮೂರು ತಿಂಗಳು, ಹನ್ನೊಂದು ಓಡಾಟ. ಕೊನೆಗೆ ದೀರ್ಘ ಬಂತು.

ಆ ಮೂರು ತಿಂಗಳಲ್ಲಿ ನನಗೆ ನೆನಪಿರುವುದು ಇಷ್ಟು: ಕೌಂಟರಿನ ಗಾಜಿನಲ್ಲಿ ಮಾತಾಡಲು ಕೊರೆದಿದ್ದ ತೂತು ನನ್ನ ಎತ್ತರಕ್ಕಿಂತ ಒಂದು ಗೇಣು ಕೆಳಗಿತ್ತು, ಹಾಗಾಗಿ ಅಮ್ಮನ ಸಾವಿನ ವಿಷಯ ಹೇಳುವಾಗಲೆಲ್ಲ ನಾನು ಬಗ್ಗಬೇಕಾಗಿತ್ತು. ಅಲ್ಲಿದ್ದ ಪೆನ್ನಿಗೆ ದಾರ ಕಟ್ಟಿದ್ದರು. ದಾರ ಗಿಡ್ಡ, ಅರ್ಜಿಯ ಕೊನೆಯ ಸಾಲಿಗೆ ಮುಟ್ಟುತ್ತಿರಲಿಲ್ಲ. ಅರ್ಜಿಯನ್ನೇ ಮೇಲಕ್ಕೆ ಸರಿಸಿ ಬರೆಯಬೇಕು. ಅಮ್ಮ ಮಾತ್ರ ಆ ಮೂರು ತಿಂಗಳಲ್ಲಿ ಎಲ್ಲೂ ಇಲ್ಲ. ಅವಳ ಮುಖ, ದನಿ, ಕೊನೆಯ ದಿನಗಳು ಯಾವುದೂ ಒಮ್ಮೆಯೂ ಬಂದು ನಿಂತ ನೆನಪಿಲ್ಲ. ಅತ್ತ ನೆನಪೂ ಇಲ್ಲ.

ನೆಂಟರಿಗೆ ಇದು ಕಂಡಿತು. ಅವರು ಅದಕ್ಕೆ ಒಂದು ಹೆಸರೂ ಕೊಟ್ಟರು: ಗಟ್ಟಿಗಿತ್ತಿ. 'ಅವಳೊಬ್ಬಳು ಇರೋದಕ್ಕೆ ಮನೆ ನಿಂತಿದೆ' ಅಂದರು. ನನಗೂ ಆ ಮಾತು ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. ಒಮ್ಮೆ ಗಟ್ಟಿಗಿತ್ತಿ ಅನ್ನಿಸಿಕೊಂಡ ಮೇಲೆ ಆ ಬಿರುದನ್ನು ವಾಪಸು ಕೊಡುವುದು ಎಷ್ಟು ಕಷ್ಟ ಅನ್ನುವುದು ಆಮೇಲೆ ತಿಳಿಯಿತು.

ಮನೆಯಲ್ಲಿ ಇನ್ನೊಂದು ವಿಷಯ ನಡೆಯುತ್ತಿತ್ತು. ಅಪ್ಪನಿಗೆ ಅದಾಗಲೇ ಮರೆವಿನ ಕಾಯಿಲೆ. ಅಮ್ಮ ಇದ್ದಾಗ ಅವಳು ಅದನ್ನು ಮುಚ್ಚಿಟ್ಟಿದ್ದಳು. ಅಪ್ಪ ತಡವರಿಸಿದಾಗ ಮಾತು ಪೂರೈಸುವವಳು ಅವಳು, ಕನ್ನಡಕ ಹುಡುಕಿ ಕೈಗಿಡುವವಳು ಅವಳು. ನಮಗೆಲ್ಲ ಅಪ್ಪನಿಗೆ ವಯಸ್ಸಾಯಿತು ಅಂತ ಮಾತ್ರ ಗೊತ್ತಿತ್ತು. ಅವಳು ಹೋದ ವಾರದಲ್ಲೇ ಎಲ್ಲ ಬಯಲಾಯಿತು. ಪ್ರತಿ ಸಂಜೆ ಅಪ್ಪ ಬಾಗಿಲ ಕಡೆ ನೋಡಿ ಕೇಳುತ್ತಿದ್ದ: 'ಪುಟ್ಟೀ, ನಿಮ್ಮಮ್ಮ ಎಲ್ಲಿ?'

ಮೊದಲ ಕೆಲವು ದಿನ ನಿಜ ಹೇಳಿದೆ. ಹೇಳಿದಾಗಲೆಲ್ಲ ಅಪ್ಪನಿಗೆ ಅದು ಮೊದಲ ಸಲ ಕೇಳಿದ ಸುದ್ದಿ. ಮುಖ ಕುಸಿಯುತ್ತಿತ್ತು, 'ಯಾವಾಗ? ನನಗ್ಯಾಕೆ ಹೇಳಲಿಲ್ಲ?' ಅನ್ನುತ್ತಿದ್ದ, ಮಗುವಿನ ಹಾಗೆ ಅಳುತ್ತಿದ್ದ. ಮಾರನೇ ಸಂಜೆ ಮತ್ತೆ ಅದೇ ಪ್ರಶ್ನೆ. ಹತ್ತನೇ ದಿನವೋ ಹನ್ನೆರಡನೇ ದಿನವೋ ನಾನು ಸೋತೆ. 'ಒಳಗಿದ್ದಾಳೆ ಅಪ್ಪಾ, ಮಲಗಿದ್ದಾಳೆ' ಅಂದೆ. ಅಪ್ಪ ತಲೆಯಾಡಿಸಿ ಸುಮ್ಮನಾದ. ಅಲ್ಲಿಂದ ಎರಡು ವರ್ಷ ಅಮ್ಮ ದಿನಾ ಸಂಜೆ ಒಳಗೆ ಮಲಗಿರುತ್ತಿದ್ದಳು. ಬೆಳಿಗ್ಗೆ ಕಚೇರಿಯಲ್ಲಿ ಅವಳು ಸತ್ತಿದ್ದಾಳೆ ಅಂತ ಸಾಬೀತು ಮಾಡಬೇಕು, ಸಂಜೆ ಮನೆಯಲ್ಲಿ ಬದುಕಿದ್ದಾಳೆ ಅಂತ ನಂಬಿಸಬೇಕು. ಎರಡೂ ಕೆಲಸವನ್ನು ಚೆನ್ನಾಗಿಯೇ ಮಾಡಿದೆ.

ಪೌಲಿನ್ ಬಾಸ್ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ, ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳ ಜೊತೆ ಕೆಲಸ ಮಾಡುತ್ತಾ, ಅಸ್ಪಷ್ಟ ನಷ್ಟ ಅನ್ನುವ ಮಾತನ್ನು ಬಳಕೆಗೆ ತಂದರು. ಅದರಲ್ಲಿ ಎರಡು ಬಗೆ. ಒಂದರಲ್ಲಿ ದೇಹ ಇಲ್ಲ, ಆದರೆ ಮನಸ್ಸಿನಲ್ಲಿ ಆತ ಇದ್ದಾನೆ. ಸತ್ತನೋ ಬದುಕಿದ್ದಾನೋ ಯಾರಿಗೂ ಗೊತ್ತಿಲ್ಲ. ಇನ್ನೊಂದರಲ್ಲಿ ದೇಹ ಕಣ್ಣೆದುರು ಕೂತಿದೆ, ಆದರೆ ಆ ಮನುಷ್ಯ ಇಲ್ಲ. ಮರೆವಿನ ಕಾಯಿಲೆ ಈ ಎರಡನೆಯದು. ಇದನ್ನು ಓದಿದಾಗ ನನಗೆ ಹೊಳೆದದ್ದು, ಆ ವರ್ಷ ನಾನು ಕಳೆದುಕೊಂಡದ್ದು ಇಬ್ಬರನ್ನು. ಒಬ್ಬರಿಗೆ ಪ್ರಮಾಣಪತ್ರ ಇತ್ತು, ದೀರ್ಘ ತಪ್ಪಿದ್ದರೂ. ಇನ್ನೊಬ್ಬರಿಗೆ ಅದೂ ಇಲ್ಲ.

ಇಷ್ಟೆಲ್ಲ ಓದಿಕೊಂಡದ್ದು ಮೂರನೇ ವರ್ಷ ಕುಸಿದು ಕೂತ ಮೇಲೆ. ಅದಕ್ಕೂ ಮುಂಚೆ ದುಃಖದ ಬಗ್ಗೆ ನನಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತಿರುವಷ್ಟೇ. ಕಾಲವೇ ಮದ್ದು. ಅತ್ತರೆ ಹಗುರಾಗುತ್ತದೆ. ಆಮೇಲೆ ಆ ಐದು ಹಂತಗಳು: ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ. ಎಲಿಸಬೆತ್ ಕ್ಯೂಬ್ಲರ್-ರಾಸ್ ಅನ್ನುವ ಮನೋವೈದ್ಯೆ 1969ರಲ್ಲಿ ಅದನ್ನು ಬರೆದದ್ದು ಸಾಯುತ್ತಿರುವ ರೋಗಿಗಳನ್ನು ಮಾತಾಡಿಸಿ. ಉಳಿದವರ ಅಳಲಿಗೆ ಅದನ್ನು ಏಣಿಯ ಹಾಗೆ ಒರಗಿಸಿದ್ದು ಆಮೇಲಿನ ಮಾತು. ನನಗಂತೂ ಏಣಿಯ ಮೊದಲ ಮೆಟ್ಟಿಲೇ ಸಿಗಲಿಲ್ಲ.

ನನಗೆ ಸಿಕ್ಕಿದ್ದು ಒಬ್ಬ ಹುಡುಗಿ. 1942ರ ನವೆಂಬರ್ 28ರ ರಾತ್ರಿ ಅಮೆರಿಕದ ಬೋಸ್ಟನ್ ನಗರದ ಕೋಕೋನಟ್ ಗ್ರೋವ್ ಅನ್ನುವ ನೈಟ್‌ಕ್ಲಬ್ಬಿಗೆ ಬೆಂಕಿ ಬಿತ್ತು. 492 ಜನ ಸತ್ತರು. ಎರಿಕ್ ಲಿಂಡೆಮನ್ ಅನ್ನುವ ಮನೋವೈದ್ಯರು ಬದುಕಿ ಉಳಿದವರನ್ನೂ ಸತ್ತವರ ಮನೆಯವರನ್ನೂ ನೋಡಿ, 1944ರಲ್ಲಿ ಒಂದು ಲೇಖನ ಬರೆದರು. ದುಃಖವನ್ನು ವೈದ್ಯರ ಕಣ್ಣಿನಿಂದ ಎದುರಿಗೆ ಕೂತು ನೋಡಿದ ಮೊದಮೊದಲ ಬರಹಗಳಲ್ಲಿ ಅದೂ ಒಂದು. ಅದರಲ್ಲಿ ಹದಿನೇಳು ವರ್ಷದ ಒಬ್ಬ ಹುಡುಗಿ ಬರುತ್ತಾಳೆ. ಆ ಬೆಂಕಿಯಲ್ಲಿ ಅಪ್ಪ, ಅಮ್ಮ, ಪ್ರೀತಿಸುತ್ತಿದ್ದ ಹುಡುಗ ಮೂವರೂ ಹೋದರು. ಅವಳ ಮೈಯೂ ಸುಟ್ಟಿತ್ತು. ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ಅವಳು ನಗುಮುಖದಲ್ಲೇ ಇದ್ದಳು. ಮನೆಗೆ ಹೋಗಿ ಒಡಹುಟ್ಟಿದ ಚಿಕ್ಕವರಿಬ್ಬರಿಗೆ ತಾನೇ ಅಪ್ಪ ಅಮ್ಮ ಆಗಬೇಕು ಅಂತ ಹಾತೊರೆಯುತ್ತಿದ್ದಳು. ಕಂಡವರೆಲ್ಲ ಮೆಚ್ಚಿಕೊಂಡಿರಬೇಕು. ಹತ್ತನೇ ವಾರದ ಹೊತ್ತಿಗೆ ಅವಳಿಗೆ ಖಾಲಿ ಖಾಲಿ ಅನ್ನಿಸತೊಡಗಿತು, ಗಂಟಲು ಬಿಗಿಯಿತು, ಅಳು ನಿಲ್ಲಲಿಲ್ಲ.

ಲಿಂಡೆಮನ್ ಅಲ್ಲಿ ಹೇಳುವ ಮಾತಿನ ತಾತ್ಪರ್ಯ ಇದು: ಸಾವು ಬಂದ ಹೊತ್ತಿಗೆ ಆ ಮನುಷ್ಯನ ಮುಂದೆ ಮುಖ್ಯ ಕೆಲಸಗಳು ಬಿದ್ದಿದ್ದರೆ, ಬೇರೆಯವರ ಧೈರ್ಯ ಕೆಡದಂತೆ ನೋಡಿಕೊಳ್ಳುವ ಜವಾಬ್ದಾರಿ ಇದ್ದರೆ, ವಾರಗಟ್ಟಲೆ, ಅದಕ್ಕೂ ಹೆಚ್ಚು ಕಾಲ, ದುಃಖ ಹೊರಗೆ ಕಾಣದೇ ಇರಬಹುದು. ಇದನ್ನು ಬರೆದು ಎಂಬತ್ತು ವರ್ಷ ಆಗಿದೆ. ಇವತ್ತಿಗೂ ಸಾವಿನ ಮನೆಯಲ್ಲಿ ಯಾರ ಕಣ್ಣಲ್ಲಿ ನೀರಿಲ್ಲವೋ ಅವರ ಕೈಗೇ ನಾವು ಇನ್ನೂ ನಾಲ್ಕು ಕೆಲಸ ಕೊಡುತ್ತೇವೆ.

ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶೂಟ್ ಅನ್ನುವ ನೆದರ್‌ಲೆಂಡ್ಸ್‌ನ ಇಬ್ಬರು ಸಂಶೋಧಕರು 1999ರಲ್ಲಿ ಇದನ್ನು ಇನ್ನೊಂದು ರೀತಿಯಲ್ಲಿ ವಿವರಿಸಿದರು. ಸಾವಿನ ನಂತರ ಮನುಷ್ಯನ ಮೇಲೆ ಎರಡು ಬಗೆಯ ಒತ್ತಡ ಬೀಳುತ್ತದೆ. ಒಂದು, ಹೋದವರ ಕುರಿತದ್ದು: ನೆನಪು, ಹಂಬಲ, ಅಳು, ಫೋಟೋ ಮುಂದೆ ಕೂರುವುದು. ಎರಡನೆಯದು, ಅವರು ಹೋದದ್ದರಿಂದ ಬಂದದ್ದು: ಅವರು ಮಾಡುತ್ತಿದ್ದ ಕೆಲಸವನ್ನು ಕಲಿಯಬೇಕು, ಹಣ ಹೊಂದಿಸಬೇಕು, ಕಾಗದಪತ್ರ ನೋಡಬೇಕು, ಹೆಂಡತಿಯಾಗಿದ್ದವಳು ವಿಧವೆಯಾಗಿ, ಮಗಳಾಗಿದ್ದವಳು ಮನೆಯ ಹಿರಿಯಳಾಗಿ ಬದಲಾಗಬೇಕು. ಆರೋಗ್ಯವಾಗಿರುವ ದುಃಖ ಈ ಎರಡರ ನಡುವೆ ಉಯ್ಯಾಲೆಯ ಹಾಗೆ ತೂಗುತ್ತದೆ ಅನ್ನುವುದು ಅವರ ವಾದ. ಬೆಳಿಗ್ಗೆ ಅತ್ತು, ಮಧ್ಯಾಹ್ನ ಲೆಕ್ಕ ಬರೆದು, ರಾತ್ರಿ ಮತ್ತೆ ನೆನೆದು. ಮಧ್ಯೆ ಎರಡನ್ನೂ ಬಿಟ್ಟು ಸುಮ್ಮನೆ ಕೂತು. ದುಃಖಕ್ಕೂ ರಜೆ ಬೇಕು, ಕೆಲಸಕ್ಕೂ ರಜೆ ಬೇಕು.

ನನ್ನ ಉಯ್ಯಾಲೆಯನ್ನು ಯಾರೋ ಒಂದು ಬದಿಗೆ ಎಳೆದು ಕಟ್ಟಿಹಾಕಿದ್ದರು. ಕೆಲವರದ್ದು ಇನ್ನೊಂದು ಬದಿಗೆ ಕಟ್ಟಿರುತ್ತದೆ. ಅವರು ಹಾಸಿಗೆ ಬಿಟ್ಟು ಏಳುವುದಿಲ್ಲ, ಮಕ್ಕಳು ಸ್ಕೂಲಿಗೆ ಹೋದರೋ ಇಲ್ಲವೋ ನೋಡುವುದಿಲ್ಲ. ಅಂಥವರನ್ನು ಕಂಡಾಗ 'ಪಾಪ, ಎಷ್ಟು ಹಚ್ಚಿಕೊಂಡಿದ್ದರು' ಅನ್ನುತ್ತೇವೆ. ನನ್ನಂಥವರನ್ನು ಕಂಡಾಗ 'ಪರವಾಗಿಲ್ಲ, ಸುಧಾರಿಸಿಕೊಂಡಳು' ಅನ್ನುತ್ತೇವೆ. ಹಗ್ಗ ಮಾತ್ರ ಇಬ್ಬರಿಗೂ ಒಂದೇ.

ಒಂದು ಮಧ್ಯಾಹ್ನ ಹುಚ್ಚು ಬಂದವಳ ಹಾಗೆ ಕೂತು ಒಂದು ಲೆಕ್ಕ ಹಾಕಿದೆ. 1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಅನ್ನುವ ಮನೋವೈದ್ಯರು ಬದುಕಿನ ಏರುಪೇರುಗಳಿಗೆಲ್ಲ ಅಂಕ ಕೊಟ್ಟು 43 ಸಾಲುಗಳ ಒಂದು ಪಟ್ಟಿ ಮಾಡಿದ್ದಾರೆ. ಗಂಡ ಅಥವಾ ಹೆಂಡತಿಯ ಸಾವು ಎಲ್ಲಕ್ಕಿಂತ ಮೇಲೆ, 100. ವಿಚ್ಛೇದನ 73. ಹತ್ತಿರದ ಕುಟುಂಬದವರ ಸಾವು 63. ಹೀಗೆ ಇಳಿಯುತ್ತಾ ಹೋಗುತ್ತದೆ. ಒರಟು ಅಳತೆ ಅದು. ಒಬ್ಬೊಬ್ಬರ ತಾಯಿ ಒಬ್ಬೊಬ್ಬರಿಗೆ ಒಂದೊಂದು, ಎಲ್ಲರಿಗೂ 63 ಅಂದರೆ ಏನರ್ಥ? ಆದರೂ ಬರೆದೆ. ಅಮ್ಮನ ಸಾವು, 63. ಮನೆಯವರೊಬ್ಬರ ಆರೋಗ್ಯ ಕೆಟ್ಟದ್ದು, ಅಂದರೆ ಅಪ್ಪ, 44. ಹಣಕಾಸಿನ ಸ್ಥಿತಿ ಬದಲಾದದ್ದು, 38. ಬದುಕುವ ರೀತಿ ಬದಲಾದದ್ದು, 25. ಮನೆ ಬದಲಾಯಿಸಿದ್ದು, 20. ನಾನು ನನ್ನ ಮನೆ ಖಾಲಿ ಮಾಡಿ ಅಪ್ಪನ ಮನೆಗೆ ಬಂದಿದ್ದೆ. ಕೆಲಸದ ವೇಳೆ ಬದಲಾದದ್ದು, ಇನ್ನೊಂದು 20. ನಿದ್ದೆ ಕೆಟ್ಟದ್ದು, 16. ಕೂಡಿದರೆ 226.

ಆ 226ರಲ್ಲಿ ಸಾವಿನ ಪಾಲು 63. ಮೂರನೇ ಒಂದು ಭಾಗವೂ ಆಗುವುದಿಲ್ಲ. ಉಳಿದ 163ನ್ನು ನೋಡುತ್ತಾ ಬಹಳ ಹೊತ್ತು ಕೂತಿದ್ದೆ. ನನಗೆ ಸಮಾಧಾನ ಹೇಳಲು ಬಂದವರೆಲ್ಲ ಬಂದಿದ್ದು ಆ 63ಕ್ಕೆ. 163ರ ವಿಷಯ ಎತ್ತಿದವರು ಯಾರೂ ಇಲ್ಲ, ಎತ್ತಬೇಕು ಅಂತ ನನಗೂ ತೋಚಿರಲಿಲ್ಲ.

ಹಣದ ಮಾತು ಬಂತು. ದುಃಖದ ಬಗ್ಗೆ ಬರೆಯುವವರು ಹಣದ ಬಗ್ಗೆ ಬರೆಯಲು ನಾಚಿಕೊಳ್ಳುತ್ತಾರೆ, ಅಮ್ಮನಿಗಿಂತ ದುಡ್ಡು ಹೆಚ್ಚಾಯಿತೇ ಅಂತ ಯಾರಾದರೂ ಅಂದಾರು ಅಂತ. ಅಳುವುದಕ್ಕೂ ಪುರುಸೊತ್ತು ಬೇಕು, ಪುರುಸೊತ್ತಿಗೆ ದುಡ್ಡು ಬೇಕು. ಒಂದು ದಿನ ಕೆಲಸ ಬಿಟ್ಟರೆ ಆ ದಿನದ ಕೂಲಿ ಹೋಯಿತು ಅನ್ನುವವರಿಗೂ, ಸಂಬಳದ ರಜೆ ಇರುವವರಿಗೂ ಸಾವು ಒಂದೇ, ಸಾವಿನ ಮಾರನೇ ದಿನ ಬೇರೆ. ಆದಾಯ ಕಡಿಮೆ ಇರುವವರಲ್ಲಿ, ಹೆಚ್ಚು ಓದಲು ಅವಕಾಶ ಸಿಗದವರಲ್ಲಿ ದುಃಖ ಕರಗದೆ ಗಂಟಾಗಿ ಉಳಿಯುವ ಸಂಭವ ಹೆಚ್ಚು ಅಂತ ಹಲವು ಅಧ್ಯಯನಗಳು ಕಂಡುಕೊಂಡಿವೆ. ಅವರಿಗೆ ಪ್ರೀತಿ ಜಾಸ್ತಿ ಅಂತಲೋ ಮನಸ್ಸು ದುರ್ಬಲ ಅಂತಲೋ ಇದಕ್ಕೆ ಅರ್ಥ ಹಚ್ಚಬೇಕಾಗಿಲ್ಲ.

ಅಣ್ಣನ ವಿಷಯ ಬರೆಯಬಾರದು ಅಂದುಕೊಂಡಿದ್ದೆ. ಸ್ವಲ್ಪ ಬರೆಯುತ್ತೇನೆ. ಮನೆ ಯಾರ ಹೆಸರಿಗೆ ಅನ್ನುವ ಮಾತು ನಾಲ್ಕನೇ ತಿಂಗಳು ಎದ್ದಿತು. ಅವನು ಕೆಟ್ಟವನಲ್ಲ. ಅವನಿಗೂ ಸಾಲ ಇತ್ತು, ಅವನಿಗೂ ಅಮ್ಮ ಹೋಗಿದ್ದಳು. ಆದರೆ ಆ ಜಗಳ ಶುರುವಾದ ಮೇಲೆ ಅಮ್ಮನ ಬಗ್ಗೆ ಮಾತಾಡಬಲ್ಲ ಒಬ್ಬನೇ ಒಬ್ಬ ಮನುಷ್ಯ ನನ್ನ ಕೈತಪ್ಪಿಹೋದ. ಚಿಕ್ಕಂದಿನಲ್ಲಿ ನಾವಿಬ್ಬರೂ ಜ್ವರ ಬಂದು ಮಲಗಿದಾಗ ಅಮ್ಮ ನಮ್ಮಿಬ್ಬರ ನಡುವೆ ಗೋಡೆಗೆ ಒರಗಿ ಕೂತು, ಒಂದೊಂದು ಕೈ ಒಬ್ಬೊಬ್ಬರ ಹಣೆಯ ಮೇಲಿಟ್ಟು, ಕೂತಲ್ಲೇ ನಿದ್ದೆಹೋಗುತ್ತಿದ್ದಳು. ಇದು ಅವನಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ. ಅದನ್ನು ನೆನೆಸಿಕೊಂಡು ಹೇಳಬೇಕಾದವನ ಜೊತೆ ನಾನು ವಕೀಲರ ಮೂಲಕ ಮಾತಾಡುತ್ತಿದ್ದೆ. ಒಂದು ಸಾವು ಆದಾಗ ಒಬ್ಬರೇ ಹೋಗುತ್ತಾರೆ ಅಂದುಕೊಳ್ಳುತ್ತೇವೆ. ಅವರು ಹಿಡಿದಿಟ್ಟಿದ್ದ ದಾರಗಳೂ ಒಂದೊಂದೇ ಸಡಿಲವಾಗುತ್ತವೆ.

ಇನ್ನೊಂದು ಮಾತು ಇದಕ್ಕಿಂತ ಕಷ್ಟದ್ದು. ಅಮ್ಮ ಏಳು ತಿಂಗಳು ಹಾಸಿಗೆ ಹಿಡಿದಿದ್ದಳು. ಅವಳು ಹೋದ ರಾತ್ರಿ, ಎಲ್ಲ ಮುಗಿದು ಮನೆಗೆ ಬಂದ ಮೇಲೆ, ನಾನು ಒಂಬತ್ತು ಗಂಟೆ ಎಚ್ಚರಿಲ್ಲದೆ ನಿದ್ದೆ ಮಾಡಿದೆ. ಅಷ್ಟು ಗಾಢವಾದ ನಿದ್ದೆ ಅದಕ್ಕೂ ಹಿಂದಿನ ಒಂದು ವರ್ಷದಲ್ಲಿ ಬಂದಿರಲಿಲ್ಲ. ಎದ್ದಾಗ ಮೊದಲು ಅನ್ನಿಸಿದ್ದು, ಇವತ್ತು ಅಮ್ಮನ ಮಗ್ಗುಲು ಬದಲಿಸಬೇಕಾಗಿಲ್ಲ ಅಂತ. ಆ ಒಂದು ಕ್ಷಣದ ಹಗುರವನ್ನು ನಾನು ಮೂರು ವರ್ಷ ಯಾರಿಗೂ ಹೇಳಲಿಲ್ಲ. ತಾಯಿ ಸತ್ತದ್ದಕ್ಕೆ ನೆಮ್ಮದಿಪಟ್ಟ ಮಗಳು ಅಂತ ನನ್ನನ್ನೇ ಕಟಕಟೆಗೆ ಹತ್ತಿಸಿದೆ. ಅಳುವ ಹಕ್ಕು ನನಗಿಲ್ಲ ಅಂತ ಒಳಗೊಳಗೇ ತೀರ್ಪೂ ಕೊಟ್ಟುಕೊಂಡೆ. ಆಮೇಲೆ ರಿಚರ್ಡ್ ಶುಲ್ಜ್ ಅನ್ನುವ ಸಂಶೋಧಕ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಕಣ್ಣಿಗೆ ಬಿತ್ತು. ಮರೆವಿನ ಕಾಯಿಲೆಯ ಮನೆಮಂದಿಯನ್ನು ನೋಡಿಕೊಂಡ 217 ಜನರ ಅಧ್ಯಯನ. ಅವರಲ್ಲಿ ಶೇ. 72ರಷ್ಟು ಮಂದಿ, ಆ ಸಾವಿನಿಂದ ತಮಗೆ ಬಿಡುಗಡೆಯಾದಂತಾಯಿತು ಅಂದಿದ್ದರು. ನನ್ನ ಕಥೆ ಸ್ವಲ್ಪ ಬೇರೆ. ಅಮ್ಮನಿಗಿದ್ದದ್ದು ಆ ಕಾಯಿಲೆ ಅಲ್ಲ. ಆದರೂ ಆ 72 ಅನ್ನುವ ಸಂಖ್ಯೆ ನೋಡಿದ ದಿನ, ಕಟಕಟೆಯಲ್ಲಿ ನನ್ನ ಪಕ್ಕ ಬಹಳ ಜನ ನಿಂತಿದ್ದಾರೆ ಅನ್ನಿಸಿತು.

ಹೀಗೆ ಬರೆಯುತ್ತಾ ಹೋದರೆ, ಅಳದವರೆಲ್ಲರ ಒಳಗೂ ಒಂದು ಬಾಂಬು ಟಿಕ್ ಟಿಕ್ ಅನ್ನುತ್ತಿದೆ ಅಂತ ನಿಮಗೆ ಅನ್ನಿಸಬಹುದು. ಹಾಗಿಲ್ಲ. ಜಾರ್ಜ್ ಬೊನಾನೊ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಸಂಗಾತಿಯನ್ನು ಕಳೆದುಕೊಂಡ ಹಿರಿಯರನ್ನು, ಸಾವಿಗೂ ಮುಂಚಿನಿಂದ ಹಿಡಿದು ಹದಿನೆಂಟು ತಿಂಗಳ ತನಕ ಗಮನಿಸಿ 2002ರಲ್ಲಿ ಬರೆದ ಪ್ರಕಾರ, ಸುಮಾರು ಅರ್ಧದಷ್ಟು ಜನ ಸಾವಿನ ಮುಂಚೆಯೂ ನಂತರವೂ ಹೆಚ್ಚು ಏರುಪೇರಿಲ್ಲದೆ ಬದುಕಿಕೊಂಡು ಹೋದರು. ಅವರಿಗೂ ನೋವಿತ್ತು, ಕಾಲು ಕುಸಿಯಲಿಲ್ಲ ಅಷ್ಟೇ. 'ನೀನು ಒಳಗೇ ಇಟ್ಟುಕೊಂಡಿದ್ದೀಯ, ಅತ್ತುಬಿಡು' ಅಂತ ಅಂಥವರ ಬೆನ್ನುಬೀಳುವುದೂ ಒಂದು ಹಿಂಸೆಯೇ. ಅಳು ಬಾರದವರಿಗೂ ಅಳಲು ಜಾಗವಿಲ್ಲದವರಿಗೂ ಇರುವ ವ್ಯತ್ಯಾಸ ಹೊರಗಿನಿಂದ ಕಾಣುವುದಿಲ್ಲ. ನನಗೇ ನನ್ನೊಳಗಿನಿಂದ ಕಂಡಿರಲಿಲ್ಲ.

ಜಾಗವೇ ಇಲ್ಲದ ಇನ್ನೊಂದು ಗುಂಪಿದೆ. ಕೆನೆತ್ ಡೋಕಾ ಅನ್ನುವ ಸಂಶೋಧಕರು 1989ರಲ್ಲಿ ಅವರ ದುಃಖಕ್ಕೊಂದು ಹೆಸರು ಕೊಟ್ಟರು. ಹಕ್ಕು ಸಿಗದ ದುಃಖ ಅಂತ ಹೇಳಬಹುದೇನೋ. ಯಾರಿಗೂ ಗೊತ್ತಿಲ್ಲದ ಸಂಬಂಧದಲ್ಲಿದ್ದವರು, ವಿಚ್ಛೇದನವಾಗಿ ಹತ್ತು ವರ್ಷದ ಮೇಲೆ ಹಳೆಯ ಗಂಡ ಸತ್ತ ಸುದ್ದಿ ಕೇಳಿದವರು, ಗರ್ಭದಲ್ಲೇ ಮಗುವನ್ನು ಕಳೆದುಕೊಂಡವರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಒಂದು ದಿನ ಊಟದ ಹೊತ್ತಿನಲ್ಲಿ ಎದ್ದುಹೋಗಿ ಮೆಟ್ಟಿಲ ಮೇಲೆ ಕೂತಿದ್ದರು. ಏನಾಯಿತು ಅಂದೆ. 'ಯಾರೋ ಗೊತ್ತಿದ್ದವರು ಹೋಗಿಬಿಟ್ಟರು' ಅಂದರು. 'ಯಾರೋ' ಅನ್ನುವಾಗ ಅವರ ದನಿ ಹೇಗಿತ್ತು ಅಂದರೆ, ನಾನು ಮುಂದೆ ಕೇಳಲಿಲ್ಲ. ಸಂಜೆ ನಾಲ್ಕಕ್ಕೆ ಅವರಿಗೊಂದು ಮೀಟಿಂಗ್ ಇತ್ತು, ಹೋದರು.

ನಾನು ಕುಸಿದದ್ದು ಹೀಗೆ. ಮೂರನೇ ವರ್ಷ ಅಪ್ಪನ ಆರೈಕೆಗೆ ಸಂಬಂಧಿಸಿದ ಒಂದು ಅರ್ಜಿ ತುಂಬುತ್ತಿದ್ದೆ. ಆ ಹೊತ್ತಿಗೆ ಅರ್ಜಿ ತುಂಬುವುದರಲ್ಲಿ ನನ್ನಷ್ಟು ಪಳಗಿದವರು ಯಾರೂ ಇರಲಿಲ್ಲ. ಹೆಸರು, ಹುಟ್ಟಿದ ದಿನ, ವಿಳಾಸ. ಪತ್ನಿಯ ಹೆಸರು ಅನ್ನುವ ಸಾಲು ಬಂತು, ಬರೆದೆ. ಸಹಿ ಹಾಕುವ ಮುಂಚೆ ಒಮ್ಮೆ ಕಣ್ಣಾಡಿಸಿದೆ. ಎರಡನೇ ಅಕ್ಷರಕ್ಕೆ ದೀರ್ಘ ಇರಲಿಲ್ಲ. ಯಾರೂ ನನ್ನ ಕೈಹಿಡಿದು ಬರೆಸಿರಲಿಲ್ಲ. ಅಮ್ಮನ ಹೆಸರನ್ನು ತಪ್ಪು ಬರೆದವಳು ನಾನೇ. ಹನ್ನೊಂದು ಸಲ ಆ ತಪ್ಪು ಹೆಸರನ್ನು ತೋರಿಸಿ, ಬರೆದು, ಓದಿ ಹೇಳಿ, ಕೈಗೆ ಅದೇ ಅಭ್ಯಾಸವಾಗಿತ್ತು. ಪೆನ್ನು ಕೆಳಗಿಟ್ಟೆ. ಗಂಟಲಿನಿಂದ ನನ್ನದಲ್ಲದ ಒಂದು ದನಿ ಬಂತು. ಅಪ್ಪ ಒಳಗಿನಿಂದ 'ಯಾರದು?' ಅಂದ.

ಅಲ್ಲಿಂದ ಐದಾರು ತಿಂಗಳು ನನಗೆ ಏನೂ ಆಗುತ್ತಿರಲಿಲ್ಲ. ಅಮ್ಮನ ಬೀರು ತೆರೆಯಲು ಆಗುತ್ತಿರಲಿಲ್ಲ, ಅದರ ಮುಂದೆ ಹಾದುಹೋಗಲೂ ಆಗುತ್ತಿರಲಿಲ್ಲ. ಅವಳು ನಿಜಕ್ಕೂ ಒಳಗೆ ಮಲಗಿದ್ದಾಳೆ ಅನ್ನಿಸುತ್ತಿತ್ತು. ಎರಡು ವರ್ಷ ಅಪ್ಪನಿಗೆ ಹೇಳಿದ ಸುಳ್ಳನ್ನು ನನ್ನ ಮೈ ನಂಬಿಬಿಟ್ಟಿತ್ತು. ಯಾರಾದರೂ ಮುಂದಿನ ವರ್ಷದ ಮಾತಾಡಿದರೆ ಅದು ಬೇರೆಯವರಿಗೆ ಸಂಬಂಧಿಸಿದ್ದು ಅನ್ನಿಸುತ್ತಿತ್ತು. ನೆಂಟರಿಗೆ ಅರ್ಥವಾಗಲಿಲ್ಲ. 'ಈಗ್ಯಾಕೆ? ಮೂರು ವರ್ಷ ಆಯ್ತಲ್ಲ?'

ಅವರ ಪ್ರಶ್ನೆಯನ್ನೇ ವೈದ್ಯರ ಪುಸ್ತಕಗಳೂ ಒಂದು ರೀತಿಯಲ್ಲಿ ಕೇಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11 ಜಾರಿಗೆ ಬಂದದ್ದು 2022ರ ಜನವರಿಯಲ್ಲಿ, ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5-ಟಿಆರ್ ಬಂದದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಎರಡರಲ್ಲೂ ದೀರ್ಘಕಾಲದ ಶೋಕ ಅನ್ನುವುದು ಈಗ ಒಂದು ಪ್ರತ್ಯೇಕ ಕಾಯಿಲೆ. ಮೊದಲನೆಯದರ ಪ್ರಕಾರ ಸಾವಾಗಿ ಕನಿಷ್ಠ ಆರು ತಿಂಗಳು ಕಳೆದಿರಬೇಕು, ಎರಡನೆಯದರ ಪ್ರಕಾರ ದೊಡ್ಡವರಿಗೆ ಹನ್ನೆರಡು ತಿಂಗಳು. ಹೋದವರಿಗಾಗಿ ಬಿಡದ ಹಂಬಲ, ಅದೇ ಯೋಚನೆ, ನಂಬಲಾಗದಿರುವುದು, ಅವರ ನೆನಪು ತರುವುದರಿಂದ ತಪ್ಪಿಸಿಕೊಳ್ಳುವುದು, ಮರಗಟ್ಟುವುದು, ತನ್ನ ಒಂದು ಭಾಗವೇ ಸತ್ತಂತಾಗುವುದು ಇವೆಲ್ಲ ಲಕ್ಷಣಗಳು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಸಹಜ ಕಾರಣಗಳಿಂದ ಆದ ಸಾವಿನ ನಂತರ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ ಹೀಗಾಗುತ್ತದೆ ಅನ್ನುವ ಅಂದಾಜು ಸಿಕ್ಕಿತು. ಅಪಘಾತ, ಕೊಲೆ, ಆತ್ಮಹತ್ಯೆ, ವಿಕೋಪಗಳಲ್ಲಿ ಕಳೆದುಕೊಂಡವರಲ್ಲಿ ಇದು ಹಲವು ಪಟ್ಟು ಹೆಚ್ಚು.

ದುಃಖವನ್ನು ಕಾಯಿಲೆ ಅನ್ನಬಹುದೇ ಅನ್ನುವ ಜಗಳ ದೊಡ್ಡದು, ಅದಕ್ಕೆ ನಾನು ಇಳಿಯುವುದಿಲ್ಲ. ಹೆಸರಿದ್ದದ್ದರಿಂದ ನನಗೆ ಸಹಾಯ ಸಿಕ್ಕಿತು, ಅಷ್ಟು ಸಾಕು. ನನ್ನ ತಕರಾರು ಕ್ಯಾಲೆಂಡರಿನ ಮೇಲೆ. ಎಣಿಕೆ ಸಾವಿನ ದಿನದಿಂದ ಶುರುವಾಗುತ್ತದೆ. ಸತ್ತ ದಿನವೇ ಅಳು ಶುರುವಾಗುವಷ್ಟು ಅನುಕೂಲ ಎಷ್ಟು ಜನರಿಗಿರುತ್ತದೆ? ಪ್ರಮಾಣಪತ್ರದ ಪ್ರಕಾರ ಅಮ್ಮ ಹೋಗಿ ಮೂರು ವರ್ಷ. ನನ್ನ ಲೆಕ್ಕದಲ್ಲಿ ಆ ಅರ್ಜಿಯ ಮಧ್ಯಾಹ್ನಕ್ಕೆ ಅವಳು ಸತ್ತು ಒಂದು ಗಂಟೆ.

ನಾನು ಕಾಣಲು ಹೋದ ಆಪ್ತಸಮಾಲೋಚಕಿಯದು ಮಾತು ಕಡಿಮೆ. ಅಮ್ಮನ ಬಗ್ಗೆ ಕೇಳುತ್ತಾರೆ ಅಂತ ನಾನು ಸಿದ್ಧವಾಗಿ ಹೋಗಿದ್ದೆ. 'ಅಮ್ಮನಿಗೂ ನಿಮಗೂ ಹೇಗಿತ್ತು ಅಂತ ಆಮೇಲೆ ಕೇಳ್ತೀನಿ' ಅಂದರು. 'ಆ ವರ್ಷ ಇನ್ನೇನೇನಾಯ್ತು, ಅದನ್ನು ಮೊದಲು ಹೇಳಿ.' ಕಾಗದ, ಅಪ್ಪ, ಅಣ್ಣ, ಮನೆ, ನಿದ್ದೆ. ಹೇಳುತ್ತಾ ಹೇಳುತ್ತಾ ಒಂದು ಗಂಟೆ ಮುಗಿಯಿತು. ಅಮ್ಮನ ಹೆಸರು ಒಮ್ಮೆಯೂ ಬರಲಿಲ್ಲ. ಅದನ್ನು ಅವರು ಎತ್ತಿ ತೋರಿಸಲಿಲ್ಲ, ಬಾಗಿಲ ತನಕ ಬಂದು ಕಳಿಸಿಕೊಟ್ಟರು. ದಾರಿಯಲ್ಲಿ ನನಗೇ ಹೊಳೆಯಿತು.

ಕ್ಯಾಥರೀನ್ ಶಿಯರ್ ಅನ್ನುವ ಮನೋವೈದ್ಯೆ ಇಂಥ ದುಃಖಕ್ಕೆಂದೇ ಹದಿನಾರು ಭೇಟಿಗಳ ಒಂದು ಮಾತಿನ ಚಿಕಿತ್ಸೆ ರೂಪಿಸಿದ್ದಾರೆ. 2005ರ ಅವರ ಪ್ರಯೋಗದಲ್ಲಿ ಅದರಿಂದ ಶೇ. 51ರಷ್ಟು ಜನರಿಗೆ ಗುಣ ಕಂಡಿತು. ಹೋಲಿಕೆಗೆ ಇಟ್ಟುಕೊಂಡ ಇನ್ನೊಂದು ಚಿಕಿತ್ಸೆಯಿಂದ ಶೇ. 28ರಷ್ಟು ಜನರಿಗೆ. ಶಿಯರ್ ಅವರ ಚಿಕಿತ್ಸೆಯಲ್ಲಿ ಸಾವಿನ ಕಥೆಯನ್ನು ಕಣ್ಣುಮುಚ್ಚಿ ಮತ್ತೆ ಮತ್ತೆ ಹೇಳಬೇಕು, ಹೇಳಿದ್ದನ್ನು ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ಕೇಳಬೇಕು. ಅದರ ಜೊತೆಗೇ ಮುಂದಿನ ಬದುಕಿನಲ್ಲಿ ಏನು ಮಾಡಬೇಕು ಅಂತಿದ್ದೀರಿ ಅನ್ನುವ ಮಾತೂ ನಡೆಯುತ್ತದೆ. ಉಯ್ಯಾಲೆಯ ಎರಡೂ ಬದಿ. ನನಗೆ ಸಿಕ್ಕಿದ್ದು ಅಚ್ಚುಕಟ್ಟಾಗಿ ಅದೇ ಅಲ್ಲ, ಅದರ ಜಾಡಿನ ಯಾವುದೋ. ನಾಲ್ಕನೇ ಭೇಟಿಯ ಹೊತ್ತಿಗೆ ಏಳು ತಿಂಗಳ ಹಾಸಿಗೆಯ ಕಥೆ ಬಂತು, ಆರನೆಯದಕ್ಕೆ ಆ ಒಂಬತ್ತು ಗಂಟೆಯ ನಿದ್ದೆ. ನಡುವೆ ಅವರು ಕೇಳಿದ ಒಂದು ಪ್ರಶ್ನೆ ಚಿಕಿತ್ಸೆಯ ಹಾಗೆ ಇರಲೇ ಇಲ್ಲ: 'ವಾರಕ್ಕೆ ಎರಡು ಸಂಜೆ ಅಪ್ಪನನ್ನು ಬೇರೆ ಯಾರು ನೋಡಿಕೊಳ್ಳಬಹುದು?' ಯಾರೂ ಇಲ್ಲ ಅಂದೆ. ಅವರು ಸುಮ್ಮನೆ ಕಾದರು. ಕೊನೆಗೆ ನಾನು ಅಣ್ಣನ ಹೆಸರು ಹೇಳಿದೆ.

ಅವನು ಬಂದ. ಮನೆಯ ವಿಷಯ ಇನ್ನೂ ವಕೀಲರ ಹತ್ತಿರವೇ ಇದೆ. ಬಗೆಹರಿದಿಲ್ಲ, ಬೇಗ ಬಗೆಹರಿಯುವ ಹಾಗೂ ಕಾಣುವುದಿಲ್ಲ. ಮಂಗಳವಾರ, ಶುಕ್ರವಾರ ಬಂದು ಅಪ್ಪನ ಜೊತೆ ಕೂರುತ್ತಾನೆ. ಮೊದಲ ಶುಕ್ರವಾರ ಹೊರಟಾಗ ಚಪ್ಪಲಿ ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆ, 'ನಿನಗೂ ಸಂಜೆ ಹೊತ್ತು ಹೀಗೇ ಕೇಳ್ತಾನಾ?' ಅಂದ. 'ದಿನಾ' ಅಂದೆ. 'ನೀನೇನು ಹೇಳ್ತೀಯಾ?' ಒಳಗಿದ್ದಾಳೆ ಅಂತ ಹೇಳ್ತೀನಿ ಅಂದೆ. ಅವನು ಇನ್ನೊಂದು ಚಪ್ಪಲಿ ಹಾಕಿಕೊಳ್ಳದೆ ಹಾಗೇ ಬಹಳ ಹೊತ್ತು ನಿಂತಿದ್ದ.

ಕಳೆದ ವಾರ ಅಪ್ಪ ಮತ್ತೆ ಕೇಳಿದ. ಬಾಗಿಲ ಕಡೆ ನೋಡಿ, ಅದೇ ದನಿಯಲ್ಲಿ, 'ಪುಟ್ಟೀ, ನಿಮ್ಮಮ್ಮ ಎಲ್ಲಿ?' ಒಳಗಿದ್ದಾಳೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಪಕ್ಕದಲ್ಲಿ ಕೂತೆ.

'ನಿನಗೆ ಅವಳ ನೆನಪು ಬರ್ತಿದೆಯಾ ಅಪ್ಪಾ?'

'ಹೂಂ' ಅಂದ.

'ನನಗೂ' ಅಂದೆ.

ಇಬ್ಬರೂ ಬಾಗಿಲ ಕಡೆ ನೋಡುತ್ತಾ ಕೂತೆವು. ಹೊರಗೆ ಕತ್ತಲಾಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ನನ್ನ ಕಡೆ ತಿರುಗಿ, 'ಯಾರ ನೆನಪು?' ಅಂದ.

ಅಮ್ಮನ ಹೆಸರು ಹೇಳಿದೆ. ದೀರ್ಘ ಎಳೆದು ಹೇಳಿದೆ.